ಸೈಲೆನ್ಸರಿಗೆ ಹಾಕಿದ ಕಲಾಯಿ

ನವಸಾಗರದ ಹೊಗೆ ಮೂಗಿಗಿಂತ ಮೊದಲು ಗಂಟಲಿಗೆ ತಾಗುತ್ತದೆ. ಕಾದ ಪಾತ್ರೆಯ ಮೇಲೆ ಆ ಉಪ್ಪಿನ ಒಂದು ಚಿಟಿಕೆ ಬಿದ್ದರೆ ಸಾಕು, ಬಿಳಿ ಹೊಗೆ ಬುಸ್ಸೆಂದು ಎದ್ದು ಕಣ್ಣು ಉರಿಸಿ, ನಾಲಿಗೆಯ ಬುಡದಲ್ಲಿ ಉಪ್ಪುಪ್ಪಾದ ಒಗರೊಂದನ್ನು ಕೂರಿಸಿ ಹೋಗುತ್ತದೆ. ಈಚೆಗೆ ನೆಂಟರ ಮದುವೆಗೆಂದು ದುರ್ಗಕ್ಕೆ ಹೋಗಿದ್ದೆ. ಶಾದಿಮಹಲಿನ ಹಿಂಭಾಗದಲ್ಲಿ ಕೈ ತೊಳೆಯಲು ನಿಂತಾಗ ಆ ಹೊಗೆ ಬಂದು ಗಂಟಲು ಹಿಡಿಯಿತು. ಬೇವಿನ ಮರದ ಕೆಳಗೆ ಒಬ್ಬಾತ ಬಿರಿಯಾನಿಯ ದೊಡ್ಡ ಡೇಗಿಗೆ ಕಲಾಯಿ ಹಾಕುತ್ತಿದ್ದ. ಇದ್ದಿಲಿಲ್ಲ, ತಿದಿಯಿಲ್ಲ, ಗ್ಯಾಸಿನ ಬೆಂಕಿ. ಆದರೆ ಹೊಗೆ ಮಾತ್ರ ಅದೇ. ಜೊತೆಗಿದ್ದವರು ಮೂಗಿಗೆ ಸೆರಗು ಮುಚ್ಚಿಕೊಂಡು ಓಡಿದರು. ನಾನು ಕೆಮ್ಮುತ್ತಲೇ ನಿಂತೆ. ಆ ಹೊಗೆಯಲ್ಲಿ ಬೆಳೆದವಳು ನಾನು, ಅದಕ್ಕೆ ಹೆದರಿ ಓಡುವ ಜಾಯಮಾನ ನಮ್ಮದಲ್ಲ.

ನಿಮ್ಮಲ್ಲಿ ಕೆಲವರಿಗಾದರೂ ಕಲಾಯಿ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಕಿಲುಬು ಏಳುತ್ತದೆ. ಅದಕ್ಕೇ ಒಳಮೈಗೆಲ್ಲ ತವರದ ತೆಳ್ಳನೆಯ ಲೇಪ ಕೊಡಬೇಕು. ನಿಮ್ಮ ಅಜ್ಜಿಯ ಸಾರಿನ ಪಾತ್ರೆಯ ಒಳಗೆ ಬೆಳ್ಳಗೆ ಹೊಳೆಯುತ್ತಿತ್ತಲ್ಲ, ಅದು ನಮ್ಮಂಥವರ ಮನೆಯ ಕೈಕೆಲಸ. ದುರ್ಗದ ಬೆಟ್ಟದ ಕೆಳಗಿನ ಓಣಿಯಲ್ಲಿ ನಮ್ಮ ಮನೆಯಿತ್ತು. ಮುಂದಿನ ಕೋಣೆಯಲ್ಲಿ ನೆಲ ತೋಡಿ ಮಾಡಿದ ಕುಲುಮೆ, ಅದರ ಪಕ್ಕ ಮೇಕೆಯ ಚರ್ಮದ ತಿದಿ, ಗೋಡೆಗೆ ಒರಗಿಸಿದ ಇಕ್ಕಳಗಳು. ಹಿಂದೆ ಅಡುಗೆಮನೆ, ಅದರಾಚೆ ನಮ್ಮ ದಾದಿಯ, ಅಂದರೆ ಅಜ್ಜಿಯ, ಕೋಳಿಗಳು. ನಮ್ಮ ಅಬ್ಬಾ ಲಾರಿಯ ಮೇಲೆ ಊರೂರು ತಿರುಗುವವರು; ಅಮ್ಮಿಗೆ ಅಡುಗೆಮನೆಯೇ ಲೋಕ. ಹಾಗಾಗಿ ನಾನು ದಾದಾನ ಮೊಮ್ಮಗಳು ಅನ್ನುವುದಕ್ಕಿಂತ ದಾದಾನ ಬಾಲ ಅನ್ನುವುದೇ ಸರಿ. ಮನೆಯೊಳಗೆ ಉರ್ದು ಮಾತಾಡುತ್ತಿದ್ದೆವು. ಆದರೆ ಕುಲುಮೆಯ ಮುಂದೆ ಕೂತರೆ ದಾದಾ ಕನ್ನಡಕ್ಕೆ ಇಳಿದುಬಿಡುತ್ತಿದ್ದರು. ಜೀವಮಾನವಿಡೀ ಹಳ್ಳಿಯ ಹೆಂಗಸರ ಜೊತೆ ಚೌಕಾಸಿ ಮಾಡಿದ ಬಾಯಿ ಅದು. ಸಿಟ್ಟು ಬಂದರಂತೂ ಬೇರೆ ಭಾಷೆಯೇ ಬರುತ್ತಿರಲಿಲ್ಲ.

ಹಳ್ಳಿಗಳಲ್ಲಿ ಅವರನ್ನು ಕಲಾಯಿ ಅಜ್ಜ ಎನ್ನುತ್ತಿದ್ದರು. ಮತ್ತೋಡಿನಿಂದ ತುರುವನೂರಿನವರೆಗೆ ಅವರು ಕೂರದ ಕಟ್ಟೆಯಿಲ್ಲ. ಕೆಲಸ ಮುಗಿದ ಮೇಲೆ ಪಾತ್ರೆಯನ್ನು ಹೆಂಗಸರ ಕೈಗೆ ಕೊಟ್ಟು, ಬೀಡಿ ಹಚ್ಚುವ ನೆಪದಲ್ಲಿ ಓರೆಗಣ್ಣಿನಿಂದ ನೋಡುತ್ತಿದ್ದರು. ಆಕೆ ಪಾತ್ರೆಯೊಳಗೆ ಇಣುಕಿ, ಗೊತ್ತಿಲ್ಲದೆಯೇ ಕೈಯೆತ್ತಿ ಮುಂಗೂದಲು ಸರಿ ಮಾಡಿಕೊಂಡರೆ ಕೆಲಸ ಪಾಸು. ಸರಿ ಮಾಡಿಕೊಳ್ಳದೆ ಹೋದರೆ ಪಾತ್ರೆಯನ್ನು ಕಸಿದುಕೊಂಡು ಮತ್ತೆ ಬೆಂಕಿಗಿಡುವರು. ಅವರ ಅಪ್ಪನಿಂದ ಬಂದ ಪರೀಕ್ಷೆ ಇದು, ಅವರಪ್ಪನಿಗೆ ಅವರಪ್ಪನಿಂದ. ತುರುವನೂರಿನ ಗೌಡ್ತಿಯೊಬ್ಬರು ಒಮ್ಮೆ ಪಾತ್ರೆಯೊಳಗೆ ನೋಡಿ, "ಏನಜ್ಜ, ನನ್ ಮಖ ಇಷ್ಟು ಕಪ್ಪಗೈತಾ?" ಅಂದರು. "ಕಲಾಯಿ ಸುಳ್ಳು ಹೇಳಲ್ಲವ್ವ," ಎಂದರು ದಾದಾ. ಗೌಡ್ತಿ ನಕ್ಕು ಇನ್ನೆರಡು ಪಾತ್ರೆ ತಂದು ಹಾಕಿದರು. ಎದ್ದು ಹೊರಡುವಾಗ ದಾದಾ ಪ್ರತಿ ಮನೆಯಲ್ಲೂ ತಪ್ಪದೆ ಒಂದು ಮಾತು ಹೇಳುವರು: "ಏನೂ ಹಾಕ್ದೆ ಬರೇ ಪಾತ್ರೆ ಒಲೆ ಮ್ಯಾಲೆ ಇಡಬ್ಯಾಡ್ರವ್ವ, ಕಲಾಯಿ ಕರಗಿ ಹೋಗತ್ತೆ." ಈ ಮಾತನ್ನು ನೆನಪಿಟ್ಟುಕೊಳ್ಳಿ. ಊರಿಗೆಲ್ಲ ಹೇಳಿದ ಈ ಬುದ್ಧಿ ಅವರಿಗೇ ಹೇಗೆ ಮರೆತುಹೋಯಿತು ಅನ್ನುವುದೇ ಈ ಕತೆ.

ಎಪ್ಪತ್ತರ ದಶಕದ ನಡುವಿಗೆ ನಮ್ಮ ಕಡೆಯ ಅಡುಗೆಮನೆಗಳಿಗೆ ಸ್ಟೀಲು ನುಗ್ಗಿತು. ಹಳೇ ಹಿತ್ತಾಳೆ ಕೊಟ್ಟು ಸ್ಟೀಲು ಪಾತ್ರೆ ಒಯ್ಯುವವರ ಸಾಲು ಅಂಗಡಿಗಳ ಮುಂದೆ ಬೆಳೆಯಿತು. ಹಳ್ಳಿಯ ಕಟ್ಟೆಯ ಮೇಲೆ ದಾದಾ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡರೂ ಒಬ್ಬರೋ ಇಬ್ಬರೋ ಪಾತ್ರೆ ತರುತ್ತಿದ್ದರು. ಅದೇ ಹೊತ್ತಿನಲ್ಲಿ ಕರೀಂ ಚಾಚಾನ ಮದುವೆಯ ಮಾತು ಎದ್ದಿತು. ಚಾಚಾ ಅಂದರೆ ನಮ್ಮ ಅಬ್ಬಾನ ತಮ್ಮ, ದಾದಾನ ಜೊತೆ ಕುಲುಮೆಯಲ್ಲಿ ಕೂರುವವನು. ಮಾತು ಕಡಿಮೆ, ನಾಚಿಕೆ ಜಾಸ್ತಿ. ಹಿರಿಯೂರಿನ ನೆಂಟರ ಮನೆಯಲ್ಲಿ ಶಮೀಮ್ ಎಂಬ ಹುಡುಗಿಯನ್ನು ಕಂಡು ಬಂದವನು ಊಟ ಬಿಟ್ಟಿದ್ದ. ಅವಳ ಅಪ್ಪನಿಗೆ ಹಿರಿಯೂರಿನಲ್ಲಿ ಪಾತ್ರೆ ಅಂಗಡಿ. ಯಾವ ಪಾತ್ರೆ? ಸ್ಟೀಲು.

ಮದುವೆ ಕೇಳಲು ಹೋದ ಮಧ್ಯಸ್ಥರು ಪೆಚ್ಚುಮೋರೆ ಹಾಕಿಕೊಂಡು ಬಂದರು. ಹಿರಿಯೂರಿನವರು ಹೇಳಿದ್ದನ್ನು ಹಾಗೇ ಒಪ್ಪಿಸಿದರು: "ಹುಡುಗ ಒಳ್ಳೆಯವನೇ. ಆದ್ರೆ ಕಲಾಯಿ ಕೆಲಸ ಇನ್ನೆಷ್ಟು ದಿನ ಐತೆ? ನಮ್ ಅಂಗಡಿ ಮಾಲಿಗೆ ಯಾವ ಕಲಾಯೀನೂ ಬ್ಯಾಡ. ಹುಡುಗನ ಫಟಫಟಿ ನೋಡಿದ್ರೇ ಸಾಕು, ಮನೆ ಸ್ಥಿತಿ ಗೊತ್ತಾಗತ್ತೆ." ಚಾಚಾ ಆಗಷ್ಟೇ ಯಾರೋ ಗುತ್ತಿಗೆದಾರರಿಂದ ಹಳೇ ಮೋಟಾರ್ ಸೈಕಲೊಂದನ್ನು ತಂದಿದ್ದ. ಹಳ್ಳಿ ಸುತ್ತಲು ಅನುಕೂಲವೆಂದು. ಅದರ ಸೈಲೆನ್ಸರಿನ ಹೊಳಪೆಲ್ಲ ಹಕ್ಕಳೆ ಎದ್ದು, ಕೆಂಪು ತುಕ್ಕು ಹಿಡಿದು, ಹಳೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ದಾದಾ ಇಕ್ಕಳ ಕೆಳಗಿಟ್ಟರು. ಆಮೇಲೆ ಅಂದರು: "ಅವನ ಮಗಳು ನಮ್ ಕಲಾಯಿಲೇ ಮಖ ನೋಡ್ಕಳ್ಳಂಗೆ ಮಾಡ್ಲಿಲ್ಲ ಅಂದ್ರೆ ಕೇಳು. ಬಿಚ್ಚೋ ಆ ಸೈಲೆನ್ಸರ್ನ."

ಮರುದಿನವೇ ಬಿಚ್ಚಿದರು. ಮೊದಲು ಒಳಗಿನ ಎಣ್ಣೆಮಸಿ ಸುಡಬೇಕಿತ್ತು. ಕುಲುಮೆಯಲ್ಲಿಟ್ಟು ತಿದಿ ಒತ್ತಿದ್ದೇ ತಡ, ಕರ್ರನೆಯ ಹೊಗೆ ಓಣಿಯನ್ನೆಲ್ಲ ತುಂಬಿ, ದಾದಿ ಒಣಹಾಕಿದ್ದ ಬಟ್ಟೆಯೆಲ್ಲ ಮಸಿಯಾಯಿತು. ದಾದಿ ಬಯ್ದ ಬಯ್ಗುಳ ಬೆಟ್ಟದ ಬಂಡೆಗಳಿಗೂ ಕೇಳಿಸಿರಬೇಕು. ಆಮೇಲೆ ಉಪ್ಪುಕಾಗದ ಹಾಕಿ ತಿಕ್ಕುವ ಕೆಲಸ. ಚಾಚಾ ತಿಕ್ಕಿದ, ದಾದಾ ತಿಕ್ಕಿದರು, ಅಮ್ಮಿ ರೊಟ್ಟಿ ತಟ್ಟುವುದನ್ನು ಬಿಟ್ಟು ಬಂದು ತಿಕ್ಕಿದಳು, ನಾನೂ ತಿಕ್ಕಿದೆ. ತುಕ್ಕಿನ ಪುಡಿ ನಮ್ಮ ಉಗುರಿನೊಳಗೆ, ಬೆವರಿನೊಳಗೆ, ಊಟದೊಳಗೆ ಸೇರಿತು. ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ಮತ್ತೆ ಬೆಳಗಿದೆವು. ಕೊನೆಗೆ ಬೂದುಬಣ್ಣದ ಬರಿಮೈ ಕಬ್ಬಿಣ ಹೊರಬಂತು. ದಾದಾ ಅದನ್ನು ಹದವಾಗಿ ಕಾಯಿಸಿ, ನವಸಾಗರ ಚಿಮುಕಿಸಿ, ತವರದ ಕಡ್ಡಿ ತಾಗಿಸಿ, ಅರಳೆಯಿಂದ ಒಂದೇ ಉಸಿರಿನಲ್ಲಿ ಸವರಿಕೊಂಡು ಹೋದರು. ಅವರ ಕೈ ಹೋದ ಕಡೆಯಲ್ಲೆಲ್ಲ ಬೆಳಕು ಹರಿಯಿತು. ನಾನು ಎಷ್ಟೋ ಪಾತ್ರೆಗಳಿಗೆ ಕಲಾಯಿ ಹಾಕುವುದನ್ನು ಕಂಡವಳು. ಆದರೆ ಅಂದು ಕೂಗಿಕೊಂಡೆ. ಆರಿದ ಮೇಲೆ ದಾದಿ, ಬಯ್ಯುತ್ತಲೇ, ತನ್ನ ಹಳೇ ದುಪಟ್ಟಾದಲ್ಲಿ ಬೂದಿ ಜರಡಿ ಹಿಡಿದು ಕೊಟ್ಟಳು. ಆ ನುಣ್ಣನೆಯ ಬೂದಿ ಹಾಕಿ ಮೆದುಬಟ್ಟೆಯಲ್ಲಿ ಉಜ್ಜಿ ಉಜ್ಜಿ, ಹುಬ್ಬಿನ ಕೂದಲು ಬಿಡಿಬಿಡಿಯಾಗಿ ಕಾಣುವಂತೆ ಮಾಡಿದರು. ಕೊಳವೆಯ ದುಂಡಿಗೆ ನಮ್ಮ ಮುಖಗಳೆಲ್ಲ ಬದನೆಕಾಯಿಯ ಹಾಗೆ ಉದ್ದವಾಗಿದ್ದವು. ನಾವೆಲ್ಲ ಸಾಲಾಗಿ ಕೂತು ನೋಡಿಕೊಂಡು ನಕ್ಕೆವು. ನಮ್ಮ ಮನೆಯವರೆಲ್ಲ ಒಟ್ಟಿಗೆ ತೆಗೆಸಿಕೊಂಡ ಫೋಟೋ ಒಂದೂ ಇಲ್ಲ. ನನಗೆ ಉಳಿದಿರುವುದು ಆ ಸೈಲೆನ್ಸರಿನಲ್ಲಿ ಕಂಡ ಉದ್ದುದ್ದ ಮುಖಗಳೇ.

ಓಣಿಯ ತುದಿಯ ಮೆಕ್ಯಾನಿಕ್ ನೋಡಲು ಬಂದವನು ತಲೆ ಕೆರೆದುಕೊಂಡ. "ಅಜ್ಜಾ, ಬೆಂಡ್ ಪೈಪು ಸಿಕ್ಕಾಪಟ್ಟೆ ಕಾಯತ್ತೆ. ತವರ ನಿಲ್ಲಲ್ಲ." ಇಂಜಿನ್ನಿನಿಂದ ಬಾಗಿ ಇಳಿಯುವ ಮುಂದಿನ ಕೊಳವೆಗೆ ಅವನು ಬೆಂಡ್ ಪೈಪು ಅನ್ನುತ್ತಿದ್ದ. ದಾದಾ ಅವನನ್ನು ಕೆಳಗಿನಿಂದ ಮೇಲೆ ನೋಡಿದರು. "ಹುಳಿ ಕೊತಕೊತ ಕುದಿಯೋ ಪಾತ್ರೆಲಿ ನಿಲ್ಲತ್ತೆ, ನಿನ್ ಪೈಪಲ್ಲಿ ನಿಲ್ಲಲ್ವೇನಲೇ?" ಅವನು ಹೊರಟುಹೋದ. ಹುಳಿಯಿರುವ ಪಾತ್ರೆಗೂ ಬರೇ ಪಾತ್ರೆಗೂ ಇರುವ ವ್ಯತ್ಯಾಸ ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ; ಸೈಲೆನ್ಸರೊಂದೇ ಹೊಳೆಯುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಚಾಚಾ ಹಿರಿಯೂರಿಗೆ ಹೊರಟ. ಒಂಟಿ ಗಂಡಸು ಹುಡುಗಿಯ ಮನೆಗೆ ಹೋಗುವುದು ಚೆನ್ನಾಗಿರುವುದಿಲ್ಲವೆಂದು ನನ್ನನ್ನು ಹಿಂದೆ ಕೂರಿಸಿದರು, ಕೈಯಲ್ಲಿ ದಾದಿ ಮಾಡಿದ ಹಲ್ವಾದ ಡಬ್ಬಿ. ದುರ್ಗದ ಪೇಟೆ ದಾಟುವವರೆಗೆ ಜನ ತಿರುಗಿ ತಿರುಗಿ ನೋಡಿದರು. ಬಿಸಿಲು ಸೈಲೆನ್ಸರಿಗೆ ಬಡಿದು, ರಸ್ತೆ ಬದಿಯ ಬೇಲಿಗಳ ಮೇಲೆಲ್ಲ ಬೆಳಕಿನ ತುಂಡೊಂದು ನಮ್ಮ ಜೊತೆಗೇ ಓಡುತ್ತಿತ್ತು. ನಾನು ಮಹಾರಾಣಿಯ ಗತ್ತಿನಲ್ಲಿ ಕೂತಿದ್ದೆ. ಐಮಂಗಲದ ಹತ್ತಿರ ಚಹಾ ಕುಡಿಯಲು ನಿಲ್ಲಿಸಿದಾಗ ಚಾಚಾನ ಬೂಟಿನ ಮೇಲೆ ಬೆಳ್ಳಿಯ ಹನಿಗಳು ಕಂಡವು. ಪ್ಯಾಂಟಿನ ಅಂಚಿನಲ್ಲೂ. ಬಗ್ಗಿ ನೋಡಿದೆವು. ಬೆಂಡ್ ಪೈಪಿನ ಕಲಾಯಿ ಕರಗಿ, ಗೆರೆಗೆರೆಯಾಗಿ ಇಳಿದು, ಅಲ್ಲಲ್ಲಿ ಗಂಟುಕಟ್ಟಿ, ಉಳಿದ ಕಡೆ ನೀಲಿ ಕಪ್ಪಾದ ಕಬ್ಬಿಣ ಹಲ್ಲು ಕಿರಿಯುತ್ತಿತ್ತು. ಅರ್ಧ ಮೀಸೆ ಬೋಳಿಸಿಕೊಂಡವನ ಮುಖದಂತಿತ್ತು ಗಾಡಿ.

ಚಾಚಾ ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟ. ಅವನ ಕಣ್ಣಲ್ಲಿ ನೀರಿತ್ತು. "ವಾಪಸ್ ಹೋಗಾಣ," ಅಂದ. ನನಗೆ ಎಲ್ಲಿಲ್ಲದ ರೋಷ ಬಂತು. ಮನೆಮಂದಿಯೆಲ್ಲ ತುಕ್ಕು ತಿಂದು ತಿಕ್ಕಿದ್ದು ವಾಪಸ್ ಹೋಗಲಿಕ್ಕಾ? "ಹಿಂದ್ಲರ್ಧ ಹೊಳೀತೈತಲ್ಲ ಚಾಚಾ. ಹೋಗಾಣ ನಡಿ," ಎಂದು ಡಬ್ಬಿ ಹಿಡಿದು ಹತ್ತಿ ಕೂತೆ. ನಿಜಕ್ಕೂ ಹಿಂದಿನ ದಪ್ಪ ಭಾಗಕ್ಕೆ ಏನೂ ಆಗಿರಲಿಲ್ಲ. ಇಂಜಿನ್ನಿನಿಂದ ಅಷ್ಟು ದೂರ ಬರುವಷ್ಟರಲ್ಲಿ ಬಿಸಿ ಇಳಿದಿರುತ್ತಿತ್ತೇನೋ. ಚಾಚಾ ಮೂಗು ಒರೆಸಿಕೊಂಡು ಕಿಕ್ ಹೊಡೆದ.

ಹಿರಿಯೂರಿನಲ್ಲಿ ಅವರ ಮನೆ ಅಂಗಡಿಯ ಹಿಂದೆಯೇ. ಬೆಂಡ್ ಪೈಪು ಕಾಣದಿರಲೆಂದು ಚಾಚಾ ಗಾಡಿಯ ಮುಂಭಾಗವನ್ನು ಜಗಲಿಯ ಮರೆಗೆ ನಿಲ್ಲಿಸಿದ. ಆದರೆ ವ್ಯಾಪಾರಿಯ ಕಣ್ಣು. ಶಮೀಮಳ ಅಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನಪ್ಪ ಇದು! ನಿಮ್ಮಪ್ಪನ ಕಲಾಯಿ ಹಿರಿಯೂರ್ ತನಕಾನೂ ಬರ್ಲಿಲ್ವಲ್ಲ! ಬರ್ರಿ, ಕುಂತ್ಕಳ್ರಿ, ನೀರಾದ್ರೂ ಕುಡೀರಿ," ಎಂದು ಒಳಗೆ ಕರೆದೊಯ್ದರು. ಚಾಚಾ ತಲೆ ತಗ್ಗಿಸಿ ಹೋದ. ನಾನು ಹೋಗಲಿಲ್ಲ, ಜಗಲಿಯ ಮೇಲೆ ಮುಖ ಊದಿಸಿಕೊಂಡು ಕೂತೆ. ಆಗ ಪಕ್ಕದ ಬಾಗಿಲಿನಿಂದ ಅವಳು ಬಂದಳು. ಕೈಯಲ್ಲಿ ನನಗೆ ತಂದ ಶರಬತ್ತಿನ ಲೋಟ, ಸ್ಟೀಲಿನದು. ಲೋಟ ನನ್ನ ಕೈಗಿತ್ತು, ಸೈಲೆನ್ಸರಿನ ಹಿಂಭಾಗದ ಮುಂದೆ ಕುಕ್ಕುರುಗಾಲಿನಲ್ಲಿ ಕೂತಳು. ಮುಟ್ಟಲು ಹೋಗಿ ಬಿಸಿಗೆ ಬೆರಳು ಹಿಂದಕ್ಕೆಳೆದಳು. ತನ್ನ ಉದ್ದನೆಯ ಮುಖ ನೋಡಿ ಕಿಸಕ್ಕನೆ ನಕ್ಕಳು. ಆಮೇಲೆ ನಗು ನಿಲ್ಲಿಸಿ ನೋಡಿದಳು. ಅವಳ ಎಡಗೈ ತಾನಾಗಿಯೇ ಮೇಲೆದ್ದು, ಹಣೆಯ ಮೇಲೆ ಇಳಿದಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿತು.

ಶಮೀಮ್ ನನ್ನ ಕಡೆ ತಿರುಗಿ, "ಮುಂದ್ಗಡೆದು ಹೋಗ್ಬಿಟ್ಟೈತಲ್ಲ, ಈಗೇನ್ ಮಾಡ್ತೀರಿ?" ಎಂದಳು. "ಮತ್ತೆ ಹಾಕ್ತೀವಿ," ಎಂದೆ. "ಮತ್ತೂ ಹೋದ್ರೆ?" "ಮತ್ತೂ ಹಾಕ್ತೀವಿ." ಅವಳು ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಂಡು, "ಹಂಗಾದ್ರೆ ಬರೋ ಶುಕ್ರವಾರ ಹಾಕ್ಕಂಡ್ ಬರ್ರಿ. ನಾ ಇಲ್ಲೇ ಇರ್ತೀನಿ," ಎಂದು ಒಳಗೆ ಹೋದಳು.

ಮನೆಗೆ ಬಂದಾಗ ದಾದಿ ಗಾಡಿ ನೋಡಿ ಹಣೆ ಬಡಿದುಕೊಂಡಳು. "ಬರೇ ಪಾತ್ರೆ ಒಲೆ ಮ್ಯಾಲೆ ಇಡಬ್ಯಾಡ್ರಿ ಅಂತ ಊರಿಗೆಲ್ಲ ಹೇಳ್ಕಂಡ್ ಬಂದ್ರಿ. ಇದೇನು, ನೀರು ತುಂಬಿದ ಪಾತ್ರೆನಾ?" ದಾದಾ ಕುಲುಮೆಯ ಪಕ್ಕ ಕುಸಿದು ಕೂತರು. ಅವರು ಸೋತದ್ದನ್ನು ನಾನು ಕಂಡದ್ದು ಅದೊಂದೇ ಸಲ, ಅದೂ ಒಂದು ಗಳಿಗೆ. ನಾನು ಅವರ ಕಿವಿಯ ಬಳಿ ಹೋಗಿ ಜಗಲಿಯ ಮುಂದೆ ಕಂಡದ್ದನ್ನು ಹೇಳಿದೆ. "ಕೂದಲು ಸರಿ ಮಾಡ್ಕಂಡ್ಲಾ?" ಎಂದು ಕೇಳಿದರು. ಹೂಂ ಎಂದೆ. "ನೀ ಹೇಳ್ಕೊಡ್ಲಿಲ್ಲ ತಾನೇ? ತಾನಾಗೇ?" ತಾನಾಗೇ ಎಂದೆ. ದಾದಾ ಎದ್ದು ನಿಂತು ಲುಂಗಿ ಬಿಗಿದು ಕಟ್ಟಿದರು. "ಹಂಗಾದ್ರೆ ಕೆಲಸ ಪಾಸು. ಲೇ ಕರೀಂ, ಬೆಂಡ್ ಪೈಪ್ ಬಿಚ್ಚು."

ಅಲ್ಲಿಂದ ಮುಂದೆ ಪ್ರತಿ ಗುರುವಾರ ನಮ್ಮ ಕುಲುಮೆಯಲ್ಲಿ ಬೆಂಡ್ ಪೈಪಿಗೆ ಕಲಾಯಿ, ಪ್ರತಿ ಶುಕ್ರವಾರ ಐಮಂಗಲಕ್ಕೆ ಬರುವಷ್ಟರಲ್ಲಿ ಅದು ರಸ್ತೆಪಾಲು. ಆ ದಾರಿಯ ಚಹಾ ಅಂಗಡಿಯವರಿಗೆಲ್ಲ ಕಲಾಯಿ ಗಾಡಿ ಎಂದರೆ ಗೊತ್ತಾಯಿತು. ನಗುವವರು ನಕ್ಕರು. ದಾವಣಗೆರೆಗೆ ಕೊಟ್ಟು ಮಿಷನ್ನಿನ ಹೊಳಪು ಹಾಕಿಸು, ವರ್ಷಗಟ್ಟಲೆ ಬರುತ್ತದೆ ಎಂದು ಮೆಕ್ಯಾನಿಕ್ ಬುದ್ಧಿ ಹೇಳಿದ. ಆಗ ದಾದಾ ಹೇಳಿದ ಮಾತು ನನಗೆ ಇಂದಿಗೂ ಮಂತ್ರ. "ಹೋಗತ್ತೆ, ಗೊತ್ತಪ್ಪ. ಪಾತ್ರೆಗೆ ಹಾಕಿದ್ದೂ ಹೋಗತ್ತೆ. ಹೋಗದೇ ಇದ್ರೆ ನಾವ್ಯಾಕೆ ಬೇಕು?" ತಪ್ಪೆಂದು ಅವರು ಒಪ್ಪಿಕೊಳ್ಳಲಿಲ್ಲ, ಒಪ್ಪಿಕೊಳ್ಳಬೇಕಾಗಿಯೂ ಇರಲಿಲ್ಲ. ಕೊನೆಗೊಂದು ಶುಕ್ರವಾರ ಚಾಚಾ ಹೊರಡುವ ಮೊದಲೇ ಹಿರಿಯೂರಿನವರೇ ಬಸ್ಸಿಳಿದು ನಮ್ಮ ಬಾಗಿಲಿಗೆ ಬಂದರು. "ಸಾಕು ಮಾಡ್ರಿ ಮಾರಾಯ್ರೇ. ಶುಕ್ರವಾರ ಬಂದ್ರೆ ನನ್ ಮಗಳು ಜಗಲಿ ಬಿಟ್ಟು ಏಳಲ್ಲ. ಅಂಗಡಿಗೆ ಬಂದ ಗಿರಾಕಿಗಳು ಸ್ಟೀಲು ಬಿಟ್ಟು ನಿಮ್ ಸೈಲೆನ್ಸರ್ ನೋಡ್ತವೆ." ದಾದಾ ಅವರನ್ನು ಚಾಪೆ ಹಾಸಿ ಕೂರಿಸಿ, ಕಲಾಯಿ ಹಾಕಿದ ಬಟ್ಟಲಲ್ಲಿ ಚಹಾ ಕೊಟ್ಟರು. ಬೀಗರು ಬಟ್ಟಲೊಳಗೆ ಇಣುಕಿ ಟೋಪಿ ಸರಿ ಮಾಡಿಕೊಂಡರು. ದಾದಾ ನನ್ನತ್ತ ನೋಡಿ ಕಣ್ಣು ಮಿಟುಕಿಸಿದರು.

ಸ್ಟೀಲು ನಮ್ಮ ಮನೆಗೂ ಬಂತು, ಸೊಸೆಯ ಜೊತೆಯಲ್ಲೇ ಬಂತು. ಶಮೀಮ್ ಚಾಚಿಯ ತವರಿನವರು ಗೋಣಿಚೀಲ ತುಂಬ ಪಾತ್ರೆ ಕಳಿಸಿದ್ದರು. ದಾದಾ ತಡೆಯಲಿಲ್ಲ. ಚಾಚಿ ಅದರಲ್ಲೇ ಅಡುಗೆ ಮಾಡುತ್ತಿದ್ದಳು, ಆದರೆ ದಾದಾನ ಊಟ ಮಾತ್ರ ಅವರ ಕೈಯ ಕಲಾಯಿ ತಟ್ಟೆಯಲ್ಲೇ ಬಡಿಸುತ್ತಿದ್ದಳು. ಹಳ್ಳಿಗಳಿಂದ ಪಾತ್ರೆ ಬರುವುದು ನಿಂತಿತು. ದಾದಾನ ಕೈ ನಡುಗತೊಡಗಿತು. ಆಗ ಚಾಚಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಲುಮೆಯ ಮುಂದೆ ಕೂತಳು. ಹೆಣ್ಣುಮಕ್ಕಳು ಆ ಜಾಗದಲ್ಲಿ ಕೂತದ್ದನ್ನು ಓಣಿ ಅದುವರೆಗೆ ಕಂಡಿರಲಿಲ್ಲ. ದಾದಾ ಬಾಯಲ್ಲಿ ಹೇಳುವರು, ಚಾಚಿ ಕೈಯಲ್ಲಿ ಮಾಡುವಳು. ಬೇರೆ ಕೆಲಸವಿಲ್ಲದ ಕುಲುಮೆಯಲ್ಲಿ, ಮದುವೆಯಾದ ಮೇಲೂ ನಿಲ್ಲದ ಗುರುವಾರದ ಬೆಂಡ್ ಪೈಪೊಂದೇ ಕೆಲಸವಾಗಿ ಉಳಿದಿತ್ತು.

ದಾದಾ ತೀರಿಕೊಂಡದ್ದು ಒಂದು ಬುಧವಾರ. ಮಣ್ಣು ಕೊಟ್ಟು ಬಂದ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ನೆರೆಯವರು ಊಟ ತಂದಿದ್ದರು. ಮರುದಿನ ಬೆಳಿಗ್ಗೆ ತಿದಿಯ ಸದ್ದು ಕೇಳಿ ನಾನು ಮುಂದಿನ ಕೋಣೆಗೆ ಓಡಿದೆ. ಒಂದು ಕ್ಷಣ ದಾದಾನೇ ಎದ್ದು ಬಂದರೆಂದುಕೊಂಡೆ. ಚಾಚಿ ಕೂತಿದ್ದಳು, ಇಕ್ಕಳದಲ್ಲಿ ಬೆಂಡ್ ಪೈಪು. ಸಾವಿನ ಮನೆಯಲ್ಲಿ ಬೆಂಕಿ ಹಚ್ಚಿದ್ದಾಳೆಂದು ಹಿರಿಯ ಹೆಂಗಸೊಬ್ಬರು ಗದರಿದರು. ಚಾಚಿ ತಲೆಯೆತ್ತಲಿಲ್ಲ. "ಇದು ಒಲೆಯಲ್ಲ, ಕುಲುಮೆ. ಇವತ್ತು ಗುರುವಾರ," ಅಂದಳು. ದಾದಿ ಒಳಗಿನಿಂದ ಬಂದು, ಜರಡಿ ಹಿಡಿದ ಬೂದಿಯನ್ನು ಪಕ್ಕದಲ್ಲಿಟ್ಟು ಹೋದಳು.

ಆಮೇಲಿನದು ನಿಮಗೆಲ್ಲ ಗೊತ್ತಿರುವ ಕತೆಯೇ. ಚಾಚಾ ಮಾವನ ಅಂಗಡಿಯಲ್ಲಿ ಕೂತ. ಬದುಕಬೇಕಲ್ಲ, ನಾನು ದೂರುವುದಿಲ್ಲ; ನಾನೂ ಸ್ಟೀಲು ತಟ್ಟೆಯಲ್ಲೇ ಉಣ್ಣುತ್ತೇನೆ. ಗಾಡಿ ಗುಜರಿಗೆ ಹೋಯಿತು. ಮನೆ ಬೇರೆಯವರದಾಯಿತು, ಕುಲುಮೆಯ ಗುಂಡಿ ಮುಚ್ಚಿ ಟೈಲ್ಸ್ ಹಾಕಿದ್ದಾರೆ. ದಾದಿ, ಅಬ್ಬಾ, ಅಮ್ಮಿ, ಚಾಚಾ ಹೋದರು, ಕೊನೆಗೆ ಚಾಚಿಯೂ ಹೋದಳು. ಸ್ಟೀಲು ಗೆದ್ದಿತು ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಯಾರ ಕೈಯೂ ಬೇಡದ ಹೊಳಪು ಅದು. ವಾರವಾರವೂ ಕರಗುವುದೆಂದು ಗೊತ್ತಿದ್ದೂ ವಾರವಾರವೂ ಹಾಕಿದ ಹೊಳಪನ್ನು ನಾನು ಕಂಡಿದ್ದೇನೆ. ಅದರ ಮುಂದೆ ಇದು ಯಾವ ಲೆಕ್ಕ?

ಬೇವಿನ ಮರದ ಕೆಳಗಿನ ಆತ ಡೇಗಿಗೆ ಕೊನೆಯ ಸಲ ಅರಳೆ ಸವರಿದ. ಅಡುಗೆ ಕಂಟ್ರಾಕ್ಟರು ದೂರದಿಂದಲೇ, "ಎಷ್ಟ್ ದಿನ ಬರತ್ತಪ್ಪ ಇದು?" ಎಂದು ಕೂಗಿದ. ಕಲಾಯಿಯವನು ಬಾಯಿ ತೆರೆಯುವ ಮೊದಲೇ ನಾನು, "ಹೋಗತ್ತೆ. ಹೋದ್ಮೇಲೆ ಮತ್ತೆ ಹಾಕಿಸ್ರಿ," ಅಂದೆ. ಆತ ಅಚ್ಚರಿಯಿಂದ ನನ್ನತ್ತ ನೋಡಿ, ಡೇಗನ್ನು ನನ್ನ ಕಡೆಗೆ ವಾಲಿಸಿದ. ನಾನು ಬಗ್ಗಿ ನೋಡಿದೆ. ಹೊಗೆಗೆ ಕಣ್ಣು ತುಂಬಿಬಂದಿತ್ತು. ಬರೇ ಹೊಗೆಗೆ ಅಂತ ಸುಳ್ಳು ಯಾಕೆ ಹೇಳಲಿ. ಬಿಳಿ ಮೈಯಲ್ಲಿ ಒಬ್ಬ ಮುದುಕಿಯ ಮುಖ, ಹಣೆಯ ಮೇಲೆ ಜಾರಿದ ನರೆಗೂದಲು. ನನ್ನ ಕೈ ತಾನಾಗಿಯೇ ಮೇಲೆದ್ದು ಅದನ್ನು ಕಿವಿಯ ಹಿಂದಕ್ಕೆ ಸರಿಸಿತು. ಕಲಾಯಿಯವನು ಬೀಡಿ ಹಚ್ಚುತ್ತ ಓರೆಗಣ್ಣಿನಿಂದ ಅದನ್ನು ನೋಡಿದ. ಬೆಂಕಿ ಆರಿಸಿ, ಡೇಗನ್ನು ಕೆಳಗಿಳಿಸಿದ.